ವೈ-ಫೈ ಮಾಲಕರದು, ಇಳಿಸಿಕೊಂಡವರು ಯಾರೋ

ಬೆಳಗಾವಿಯ ಟಿಳಕವಾಡಿಯಲ್ಲಿ ನಾನು ಊಟಕ್ಕೆ ಹೋಗುವ ಖಾನಾವಳಿಯ ಗೋಡೆಗೆ ವೈ-ಫೈ ಪಾಸ್‌ವರ್ಡ್ ಬರೆದ ಹಾಳೆ ಅಂಟಿಸಿದ್ದಾರೆ. ರೊಟ್ಟಿ ಬರುವಷ್ಟರಲ್ಲಿ ಕಾಲೇಜು ಹುಡುಗರು ಹೊಸ ಸಿನಿಮಾದ ಕಳ್ಳಪ್ರತಿ ಇಳಿಸಿಕೊಂಡಿರುತ್ತಾರೆ. ಟೊರೆಂಟ್‌ನಲ್ಲಿ, ಅಂದರೆ ಬಳಸುವವರೇ ಒಬ್ಬರಿಂದೊಬ್ಬರು ಫೈಲ್ ಪಡೆಯುವ ದಾರಿಯಲ್ಲಿ, ಇಳಿಸಿಕೊಳ್ಳುವಾಗಲೇ ಆ ಫೈಲಿನ ತುಣುಕುಗಳು ಬೇರೆಯವರಿಗೂ ಹೋಗುತ್ತಿರುತ್ತವೆ. ನಾಳೆ ಕೇಸಾದರೆ ಸಿಕ್ಕಿಬೀಳುವವರು ಯಾರು? ಹೊರಗಿನವರಿಗೆ ಕಾಣುವುದು ಒಂದೇ ಐಪಿ ವಿಳಾಸ, ಅಂದರೆ ಇಂಟರ್‌ನೆಟ್‌ನಲ್ಲಿ ಆ ಕನೆಕ್ಷನ್‌ನ ಗುರುತಿನ ಸಂಖ್ಯೆ. ಹತ್ತು ಮೊಬೈಲ್ ಇದ್ದರೂ ರೌಟರ್ ಎಲ್ಲವನ್ನೂ ಅದರ ಹೆಸರಲ್ಲೇ ಕಳಿಸುತ್ತದೆ. ಆ ಕನೆಕ್ಷನ್ ಇರುವುದು ಮಾಲಕರ ಹೆಸರಲ್ಲಿ.

ಈ ಜಗಳ ಜಾಸ್ತಿ ಕಾವೇರಿದ್ದು ಜರ್ಮನಿಯಲ್ಲಿ. ಒಬ್ಬರ ಕನೆಕ್ಷನ್‌ನಿಂದ ಹಾಡೊಂದು ಹಂಚಿಕೆಯಾಗಿತ್ತು. ಆಗ ಅವರು ರಜೆಗೆ ಹೋಗಿದ್ದರು, ಮನೆಯಲ್ಲೇ ಇರಲಿಲ್ಲ. 2010ರಲ್ಲಿ ಅಲ್ಲಿನ ಉನ್ನತ ನ್ಯಾಯಾಲಯ ನಷ್ಟ ತುಂಬಿಕೊಡಬೇಕಿಲ್ಲ ಎಂದಿತು. ಆದರೆ ವೈ-ಫೈಗೆ ಸರಿಯಾದ ಬೀಗ ಹಾಕದ್ದು ತಪ್ಪು ಎಂದಿತು. ಆಮೇಲೆ ಮ್ಯೂನಿಕ್ ಬಳಿಯ ಅಂಗಡಿಯವರೊಬ್ಬರ ಕೇಸು ಯುರೋಪಿನ ನ್ಯಾಯಾಲಯಕ್ಕೆ ಹೋಯಿತು. 2016ರಲ್ಲಿ ಬಂದ ತೀರ್ಪೂ ಹಾಗೇ: ಪರಿಹಾರ ಬೇಡ, ಪಾಸ್‌ವರ್ಡ್ ಹಾಕಿ ಎಂದು ಆದೇಶ ಕೊಡಬಹುದು. ಮರುವರ್ಷ ಜರ್ಮನಿ ಕಾನೂನನ್ನೇ ಸಡಿಲಿಸಿತು. 2018ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು, ಬರೀ ಐಪಿ ವಿಳಾಸ ತೋರಿಸಿ ಕನೆಕ್ಷನ್ ಇರುವವರನ್ನು ಕಳ್ಳರೆನ್ನಲಾಗದು ಎಂದಿತು.

ನಮ್ಮಲ್ಲಿ ದಾರಿಯೇ ಬೇರೆ. ಇಲ್ಲಿ ನಿಯಮ ತಂದದ್ದು ಹಾಡಲ್ಲ, ಬಾಂಬು. 2008ರ ಜುಲೈ 26ರಂದು ಅಹಮದಾಬಾದ್ ಸ್ಫೋಟಕ್ಕೆ ಸ್ವಲ್ಪ ಮೊದಲು ಬಂದ ಬೆದರಿಕೆ ಇ-ಮೇಲ್‌ನ ಜಾಡು ನವಿ ಮುಂಬೈನ ಒಂದು ಫ್ಲಾಟ್‌ಗೆ ಹೋಯಿತು. ಅಲ್ಲಿದ್ದ ಅಮೆರಿಕನ್ನರ ವೈ-ಫೈಯನ್ನು ಬೇರೆ ಯಾರೋ ಬಳಸಿದ್ದರು. ಪೊಲೀಸರು ಮೊದಲು ಬಂದದ್ದು ಮಾತ್ರ ಅವರ ಬಾಗಿಲಿಗೇ! 2009ರಲ್ಲಿ ದೂರಸಂಪರ್ಕ ಇಲಾಖೆ, ಸಾರ್ವಜನಿಕ ವೈ-ಫೈ ಬಳಸುವವರ ಗುರುತು ದಾಖಲಾಗಬೇಕು ಎಂದು ಕಂಪನಿಗಳಿಗೆ ಹೇಳಿತು. ಹಾಗಾಗಿಯೇ ಅನೇಕ ಸಾರ್ವಜನಿಕ ವೈ-ಫೈಗಳಲ್ಲಿ ಒಟಿಪಿ ಕೇಳುತ್ತಾರೆ.

ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಂ ಹಿಡಿಯುವುದು ಗೊತ್ತಿದ್ದೂ ನಕಲು ಮಾಡಿದವರನ್ನು, ಅದಕ್ಕೆ ಕುಮ್ಮಕ್ಕು ಕೊಟ್ಟವರನ್ನು. ಶಿಕ್ಷೆ ಆರು ತಿಂಗಳಿಂದ ಮೂರು ವರ್ಷ. ಗಲ್ಲಾದಲ್ಲಿ ಕೂತವರಿಗೆ ಏನೂ ಗೊತ್ತಿಲ್ಲದಿದ್ದರೆ ಅವರು ಸಿಕ್ಕಿಬೀಳುವುದು ಕಷ್ಟ. ಆದರೆ ‘ನಾನಲ್ಲ’ ಅನ್ನೋಕೆ ಅವರ ಬಳಿ ಕಾಗದ ಎಲ್ಲಿದೆ? ಸಾರ್ವಜನಿಕ ವೈ-ಫೈಗಾಗಿ 2020ರಲ್ಲಿ ಬಂದ ಸರ್ಕಾರದ ಪಿಎಂ-ವಾಣಿ ಯೋಜನೆಯಲ್ಲಿ ಅಂಗಡಿಯವರಿಗೆ ಲೈಸೆನ್ಸ್ ಬೇಡ, ಗ್ರಾಹಕರು ಆ್ಯಪ್ ಮೂಲಕ ಗುರುತು ಕೊಟ್ಟು ಒಳಬರುತ್ತಾರೆ. ಗೋಡೆಗೆ ಅಂಟಿಸಿದ ಹಾಳೆಗೆ ಆ ರಕ್ಷಣೆ ಇಲ್ಲ.

ಮೊನ್ನೆ ಬಿಲ್ ಕೊಡುವಾಗ ಇದನ್ನೆಲ್ಲ ಮಾಲಕರಿಗೆ ಹೇಳಿದೆ. ‘ಹುಡುಗ್ರು ಸುಮ್ನ ಹಾಡು ಕೇಳ್ತಾವ ಬಿಡ್ರಿ, ಸರ’ ಅಂದರು. ಮುಂದಿನ ವಾರ ಹೋದಾಗ ಪಾಸ್‌ವರ್ಡ್ ಬದಲಾಗಿತ್ತು. ಹೊಸದನ್ನು ಅದೇ ಹಾಳೆಯ ಮೇಲೆ, ಇನ್ನೂ ದೊಡ್ಡ ಅಕ್ಷರದಲ್ಲಿ ಬರೆದಿದ್ದರು.