ಡೀನರ ನಾಯಕತ್ವ: ಜೊತೆಯಲ್ಲಿ ಓದುವವರಿಗೆ ಒಂದು ಟಿಪ್ಪಣಿ

ಮಾನಸಗಂಗೋತ್ರಿಯಲ್ಲಿ ಶಿಕ್ಷಣ ಆಡಳಿತದ ಪತ್ರಿಕೆಗೆ ಓದುವಾಗ ನನಗೆ ಮೊದಲು ತೊಡಕಾದದ್ದು ಡೀನ್ ಅನ್ನುವ ಸ್ಥಾನವೇ. ಕುಲಪತಿ ಗೊತ್ತು, ಕುಲಸಚಿವರು ಗೊತ್ತು, ವಿಭಾಗದ ಮುಖ್ಯಸ್ಥರು ದಿನಾ ಕಣ್ಣಿಗೆ ಬೀಳುತ್ತಾರೆ. ಡೀನ್ ಇವರ ನಡುವಿನವರು. ಕಲೆ, ವಿಜ್ಞಾನ, ವಾಣಿಜ್ಯ ಹೀಗೆ ಒಂದೊಂದು ನಿಕಾಯಕ್ಕೆ ಒಬ್ಬರು. ಪದದ ಮೂಲ ಲ್ಯಾಟಿನ್, ಹತ್ತು ಜನರ ಮೇಲಿನವನು ಎಂದು ಅರ್ಥ.

ನಮ್ಮ ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲಿ ಈ ಹೊಣೆ ಪ್ರಾಧ್ಯಾಪಕರಿಗೆ ಹಿರಿತನದ ಮೇಲೆ ಸರದಿಯಲ್ಲಿ ಬರುತ್ತದೆ. ಇದಕ್ಕೆ ಅಡಿಗೆರೆ ಹಾಕಿಕೊಳ್ಳಿ. ನಿನ್ನೆಯ ಸಹೋದ್ಯೋಗಿ ಇಂದು ಡೀನ್, ಅವಧಿ ಮುಗಿದರೆ ಮತ್ತೆ ಸಹೋದ್ಯೋಗಿ. ಗದರಿ ಕೆಲಸ ಮಾಡಿಸುವ ದಾರಿಯೇ ಇಲ್ಲಿಲ್ಲ.

ಅದಕ್ಕೇ ಇಲ್ಲಿ ನಾಯಕತ್ವದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೂಜೆಸ್ ಮತ್ತು ಪೋಸ್ನರ್ ಹೇಳಿದ ಐದು ರೂಢಿಗಳು ಉಪಯೋಗಕ್ಕೆ ಬರುತ್ತವೆ: ತಾನು ನಡೆದು ತೋರಿಸುವುದು, ಎಲ್ಲರೂ ತಮ್ಮದೆನ್ನುವ ಗುರಿ ಮೂಡಿಸುವುದು, ನಡೆದುಬಂದ ಪದ್ಧತಿಯನ್ನು ಪ್ರಶ್ನಿಸುವುದು, ಇತರರ ಕೈ ಬಲಪಡಿಸುವುದು, ಹುರುಪು ತುಂಬುವುದು. ಅಳೆಯಲು 30 ಹೇಳಿಕೆಗಳ ಪ್ರಶ್ನಾವಳಿ ಇದೆ. ರೂಢಿಯೊಂದಕ್ಕೆ 6 ಹೇಳಿಕೆ, ಹೇಳಿಕೆಗೆ 1ರಿಂದ 10 ಅಂಕ. ಅಂದರೆ ಪ್ರತಿ ರೂಢಿಗೆ ಕನಿಷ್ಠ 6, ಗರಿಷ್ಠ 60. ಹಲವರು ಎಡವುವುದು ಇಲ್ಲೇ. ಅಂಕ ‘ಎಷ್ಟು ಚೆನ್ನಾಗಿ’ ಅನ್ನುವುದಕ್ಕಲ್ಲ, ‘ಎಷ್ಟು ಸಲ’ ಅನ್ನುವುದಕ್ಕೆ. ಇನ್ನೊಂದು, ನಾಯಕರು ತಮಗೆ ತಾವೇ ತುಂಬುವ ನಮೂನೆ ಬೇರೆ, ಜೊತೆಗಿರುವವರು ತುಂಬುವ ನಮೂನೆ ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ನಾಲ್ಕನೆಯ ರೂಢಿ ನನಗೆ ಅರ್ಥವಾದದ್ದು ಮಂಡ್ಯದ ಕಡೆಯ ಸ್ವಾಯತ್ತ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಗ. ಪಠ್ಯಕ್ರಮ ಪರಿಷ್ಕರಣೆಯ ಸಭೆ. ಹಿರಿಯರು ಮಾತಾಡುವುದು, ನಾವು ತಲೆಯಾಡಿಸಿ ಟೀ ಕುಡಿದು ಏಳುವುದು, ಇದು ವಾಡಿಕೆ. ಆ ದಿನ ಡೀನ್ ಮೇಡಂ ಕರಡನ್ನು ನನ್ನ ಮುಂದಕ್ಕೆ ಸರಿಸಿ, ಪೆನ್ನನ್ನೂ ಕೊಟ್ಟು, “ಮೂರನೇ ಘಟಕ ಪಾಠ ಮಾಡೋರು ನೀವಮ್ಮ. ಮಕ್ಕಳು ಎಲ್ಲಿ ತಡವರಿಸ್ತಾರೆ, ಗುರುತು ಹಾಕಿ” ಅಂದರು. ಕೈ ನಡುಗುತ್ತಲೇ ಹಾಕಿದೆ. ಎರಡು ಅಧ್ಯಾಯ ಹಿಂದುಮುಂದಾದವು. ಸಭೆಯ ನಡಾವಳಿಯಲ್ಲಿ ಆ ಸಲಹೆಯ ಎದುರು ನನ್ನ ಹೆಸರಿತ್ತು. ಐದನೆಯ ರೂಢಿಗೂ ಇದೇ ಉದಾಹರಣೆ ಸಾಕು.

ಅದೊಂದೇ ಸಲ ಆಗಿದ್ದರೆ ಪ್ರಶ್ನಾವಳಿಯಲ್ಲಿ ನಾಲ್ಕನೆಯ ರೂಢಿಯ ಅಂಥ ಹೇಳಿಕೆಗೆ ನಾನು 2 ಕೊಡುತ್ತಿದ್ದೆ. ಮುಂದಿನ ಸಭೆಗಳಲ್ಲೂ ಕರಡು ಮೊದಲು ಬರುತ್ತಿದ್ದದ್ದು ಕಿರಿಯರ ಕಡೆಗೇ. 9 ಕೊಡುತ್ತೇನೆ.