ಕರ್ನಲ್‌ಗೆ ಬರೆದ ಮೌಲ್ಯ ಜಾರಿಗೆ ಬರುವುದು ಯಾವಾಗ?

ಗಂಗಾವತಿ ಸುತ್ತಮುತ್ತಲಿನ ಅಕ್ಕಿ ಗಿರಣಿಗಳ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವ ನನ್ನಂಥವರಿಗೆ, ಬೇಸಿಗೆ ಭತ್ತ ಬರುವ ಏಪ್ರಿಲ್–ಮೇ ತಿಂಗಳುಗಳು ಪರೀಕ್ಷೆಯ ಕಾಲ. ವಹಿವಾಟು ಏರುವುದೂ ಆಗಲೇ, ಗಾಳಿಮಳೆಗೆ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿ ಬರಿದಾಗಿ ಸರ್ವರ್ ಆರಿಹೋಗುವುದೂ ಆಗಲೇ.

ಹಾಗೆ ಆರಿ ಮತ್ತೆ ಹೊತ್ತಿದ ಒಂದು ಗಿರಣಿಯ ಸರ್ವರ್‌ನಲ್ಲಿ ಬಿಲ್ಲುಗಳು ಅರ್ಧಕ್ಕೇ ನಿಲ್ಲತೊಡಗಿದವು. ಸಂಪರ್ಕಗಳ ಪಟ್ಟಿ ತುಂಬಿರುವುದರಿಂದ ಪ್ಯಾಕೆಟ್‌ಗಳನ್ನು, ಎಂದರೆ ಜಾಲದಲ್ಲಿ ಸಾಗುವ ದತ್ತಾಂಶದ ತುಣುಕುಗಳನ್ನು, ಕೈಬಿಡಲಾಗುತ್ತಿದೆ ಎಂದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಲಾಗ್ ಹೇಳುತ್ತಿತ್ತು. ಆ ಪಟ್ಟಿಯ ಮಿತಿಯಾದ ಎನ್‌ಎಫ್ ಕಾನ್‌ಟ್ರ್ಯಾಕ್ ಮ್ಯಾಕ್ಸ್ ಅನ್ನು ತಿಂಗಳುಗಳ ಹಿಂದೆಯೇ ನಾನು ಏರಿಸಿದ್ದೆ, ಕರ್ನಲ್‌ನ ಇಂಥ ಮೌಲ್ಯಗಳನ್ನು ಪ್ರತಿ ಬೂಟ್‌ನಲ್ಲೂ ಹೊಂದಿಸಲೆಂದು ಇರುವ ಸಿಸ್‌ಸಿಟಿಎಲ್ ಕಡತದಲ್ಲೂ ಬರೆದಿದ್ದೆ. ತೆರೆದು ನೋಡಿದರೆ ಸಾಲು ಹಾಗೆಯೇ ಇತ್ತು. ಕರ್ನಲ್‌ನಲ್ಲಿ ಮಾತ್ರ ಹಳೆಯ ಮೌಲ್ಯ ಕುಳಿತಿತ್ತು.

ಕಾರಣ ಇಷ್ಟೇ. ಬೂಟ್ ಆಗುವಾಗ ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿ ಈ ಕಡತಗಳನ್ನು ಬಹಳ ಮೊದಲೇ ಓದಿ ಮುಗಿಸುತ್ತದೆ. ಸಂಪರ್ಕಗಳನ್ನು ಎಣಿಸುವ ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಸೇರಿಕೊಳ್ಳುವ ಭಾಗ) ಆ ಹೊತ್ತಿಗೆ ಲೋಡ್ ಆಗಿರಲಿಲ್ಲವಾದ್ದರಿಂದ, ಮೌಲ್ಯ ಬರೆಯಲು ಬೇಕಾದ ಜಾಗವೇ, ಕರ್ನಲ್‌ನ ಮೌಲ್ಯಗಳನ್ನು ಕಡತಗಳಂತೆ ತೋರಿಸುವ ಪ್ರೊಕ್ ಕಡತವ್ಯವಸ್ಥೆಯಲ್ಲಿ ಇರಲಿಲ್ಲ. ಫೈರ್‌ವಾಲ್ ಶುರುವಾಗಿ ಮಾಡ್ಯೂಲ್ ಬಂದಾಗ ಅದು ತನ್ನ ಮೂಲ ಮಿತಿಯನ್ನೇ ಇಟ್ಟುಕೊಂಡಿತು. ನಾನು ಕೈಯಾರೆ ಆಜ್ಞೆ ಕೊಟ್ಟ ದಿನ ಮಾಡ್ಯೂಲ್ ಆಗಲೇ ಇದ್ದುದರಿಂದ ಎಲ್ಲವೂ ಸರಿಯಾಗಿಯೇ ಕಂಡಿತ್ತು. ಮಾಡ್ಯೂಲ್‌ನ ಹೆಸರನ್ನು ಮಾಡ್ಯೂಲ್ಸ್-ಲೋಡ್ ಡೈರೆಕ್ಟರಿಯ ಕಡತವೊಂದರಲ್ಲಿ ಬರೆದರೆ ಅದು ಸಿಸ್‌ಸಿಟಿಎಲ್‌ಗಿಂತ ಮೊದಲೇ ಲೋಡ್ ಆಗುತ್ತದೆ, ತೊಂದರೆ ನೀಗುತ್ತದೆ.

ಇದಕ್ಕೆ ವಿರುದ್ಧವಾದ ತೊಡಕೂ ಉಂಟು: ಕರ್ನಲ್ ಹೊಸ ಮೌಲ್ಯವನ್ನು ತೋರಿಸುತ್ತದೆ, ಆದರೆ ಓಡುತ್ತಿರುವ ಪ್ರೋಗ್ರಾಂಗೆ ಅದು ತಲುಪಿರುವುದಿಲ್ಲ. ಕಾದು ನಿಂತ ಸಂಪರ್ಕಗಳ ಸಾಲಿಗೆ ಮಿತಿ ಹಾಕುವ ಸೋಮ್ಯಾಕ್ಸ್‌ಕಾನ್ ಇಂಥದ್ದು, ಕರ್ನಲ್‌ನ 2019ರ 5.4ನೇ ಆವೃತ್ತಿಯಲ್ಲಿ ಇದರ ಮೂಲ ಮೌಲ್ಯ 128ರಿಂದ 4096ಕ್ಕೆ ಏರಿತು. ಸಂಪರ್ಕಗಳಿಗಾಗಿ ಕಾಯಲು ಪ್ರೋಗ್ರಾಂ ಕರ್ನಲ್‌ಗೆ ಲಿಸನ್ ಕರೆ ಮಾಡಿದ ಕ್ಷಣದಲ್ಲಿ, ತಾನು ಕೇಳಿದ್ದು ಮತ್ತು ಈ ಮಿತಿ ಇವೆರಡರಲ್ಲಿ ಚಿಕ್ಕದು ಆ ಸಾಕೆಟ್‌ಗೆ, ಎಂದರೆ ಪ್ರೋಗ್ರಾಂ ಕಡೆಯ ಸಂಪರ್ಕದ ತುದಿಗೆ, ಅಂಟಿಕೊಳ್ಳುತ್ತದೆ. ಹಾಗಾಗಿ ಹಳೆಯ ಆವೃತ್ತಿಯಲ್ಲಿ ಬೆಳಿಗ್ಗೆ 128 ಇದ್ದಾಗ ಎದ್ದ ವೆಬ್ ಸರ್ವರ್‌ಗೆ, ಮಧ್ಯಾಹ್ನ ನೀವು ಎಷ್ಟೇ ಏರಿಸಿದರೂ, ಮತ್ತೆ ಶುರುಮಾಡುವವರೆಗೆ 128ಕ್ಕಿಂತ ಹೆಚ್ಚು ಸಿಗದು. ಸಾಕೆಟ್‌ಗಳ ಸ್ಥಿತಿ ತೋರಿಸುವ ಎಸ್‌ಎಸ್ ಆಜ್ಞೆಯಲ್ಲಿ ಲಿಸನ್ ಸಾಕೆಟ್‌ನ ಸೆಂಡ್-ಕ್ಯೂ ಅಂಕಣವೇ ನಿಜವಾದ ಮಿತಿಯನ್ನು ತೋರಿಸುತ್ತದೆ, ನಂಬಬೇಕಾದದ್ದು ಅದನ್ನು.

ಮೆಮೊರಿಯಲ್ಲಿರುವುದನ್ನು ಡಿಸ್ಕ್‌ಗೆ ಸರಿಸುವ ಒಲವನ್ನು ನಿರ್ಧರಿಸುವ ಸ್ವಾಪಿನೆಸ್‌ನಂಥವು ಬರೆದ ಕೂಡಲೇ ಕೆಲಸಕ್ಕೆ ಬರುತ್ತವೆ. ಹೊಸ ಮಾಡ್ಯೂಲ್‌ಗಳು ಲೋಡ್ ಆಗದಂತೆ ತಡೆಯುವ ಮಾಡ್ಯೂಲ್ಸ್ ಡಿಸೇಬಲ್ಡ್ ಕೂಡ ಹಾಗೆಯೇ, ಆದರೆ ಒಮ್ಮೆ 1 ಎಂದು ಬರೆದರೆ ಮರುಬೂಟ್ ಆಗುವವರೆಗೂ ಹಿಂದಕ್ಕೆ ತಿರುಗಿಸಲಾಗದು. ಇದನ್ನು ಪ್ರಯೋಗಕ್ಕೆಂದು ಮುಟ್ಟಲೇಬಾರದು.

ಬದಲಾವಣೆಯನ್ನು ಮೊದಲು ಓಡುತ್ತಿರುವ ಕರ್ನಲ್‌ಗಷ್ಟೇ ಬರೆದು, ಸಂಬಂಧಪಟ್ಟ ಸೇವೆಯನ್ನು ಮತ್ತೆ ಶುರುಮಾಡಿ, ಕೆಲವು ದಿನ ಗಮನಿಸಿದ ಮೇಲೆಯೇ ಕಡತಕ್ಕೆ ಸೇರಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ಮೌಲ್ಯ ತಪ್ಪಾಗಿದ್ದರೆ ಆಗ ಒಂದು ಮರುಬೂಟ್ ಅದನ್ನು ಅಳಿಸಿಬಿಡುತ್ತದೆ. ಕಡತಕ್ಕೆ ಸೇರಿಸಿದ ಮೇಲಾದರೋ, ಅದೇ ಮರುಬೂಟ್ ಅನ್ನು ನಾವೇ ಮಾಡಿ ನೋಡಬೇಕು. ಅಮಾವಾಸ್ಯೆಯಂದು ಆ ಗಿರಣಿಗೆ ರಜೆ. ಆ ದಿನ ಸಿಸ್‌ಸಿಟಿಎಲ್‌ನ ಎಲ್ಲ ಮೌಲ್ಯಗಳನ್ನು ಒಂದು ಕಡತಕ್ಕೆ ಇಳಿಸಿ, ಸರ್ವರ್ ಅನ್ನು ಮರುಬೂಟ್ ಮಾಡಿ, ಮತ್ತೆ ಇಳಿಸಿಕೊಂಡು, ಎರಡನ್ನೂ ಸಾಲುಸಾಲಾಗಿ ಹೋಲಿಸುತ್ತೇನೆ.