ದಿವಾಳಿ ಸಂಹಿತೆ: ಪೂರ್ತಿ ಜಾರಿಗೆ ಬಾರದ ಮೂರನೆಯ ಭಾಗ

ಗಂಗಾವತಿ, ಸಿಂಧನೂರು ಕಡೆಯ ಭತ್ತದ ಮಾರುಕಟ್ಟೆಯಲ್ಲಿ ಸಾಲ ತೀರಿಸಲಾಗದೆ ವ್ಯಾಪಾರಿಯೊಬ್ಬ ಕೈಯೆತ್ತಿದರೆ ‘ಐಪಿ ಹಾಕಿದ’ ಎನ್ನುತ್ತಾರೆ. ಐಪಿ ಎಂದರೆ ಇನ್‌ಸಾಲ್ವೆನ್ಸಿ ಪಿಟಿಷನ್. ಅದು 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಅರ್ಜಿ. 2016ರಲ್ಲಿ ಹೊಸ ದಿವಾಳಿ ಸಂಹಿತೆ, ಅಂದರೆ ಐಬಿಸಿ, ಬಂದ ಮೇಲೂ ಹಳೆಯ ಕಾಯ್ದೆ ಏಕೆ ಉಳಿಯಿತು ಎಂಬ ಪ್ರಶ್ನೆಯಿಂದ ಓದು ಆರಂಭಿಸಿದರೆ ಈ ವಿಷಯ ಸುಲಭವಾಗಿ ತಿಳಿಯುತ್ತದೆ.

ಸಂಹಿತೆಯ ಎರಡನೆಯ ಭಾಗ ಕಂಪನಿ ಮತ್ತು ಎಲ್‌ಎಲ್‌ಪಿಗಳಿಗೆ, ಅಂದರೆ ಪಾಲುದಾರರ ಹೊಣೆಗೆ ಮಿತಿಯಿರುವ ಪಾಲುದಾರಿಕೆಗಳಿಗೆ, ಸಂಬಂಧಿಸಿದ್ದು. ಮೂರನೆಯ ಭಾಗ ವ್ಯಕ್ತಿಗಳಿಗೆ ಮತ್ತು ಪಾಲುದಾರಿಕೆ ಸಂಸ್ಥೆಗಳಿಗೆ. ಈ ಮೂರನೆಯ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿಗೆ ತಂದದ್ದು ಕಂಪನಿ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಹೀಗಾಗಿ ಅಣ್ಣತಮ್ಮಂದಿರು ಪಾಲುದಾರರಾಗಿ ನಡೆಸುವ ಅಕ್ಕಿ ಗಿರಣಿಯಾಗಲಿ, ಬಳ್ಳಾರಿಯಲ್ಲಿ ಒಬ್ಬನೇ ಮಾಲೀಕನಾಗಿ ಜೀನ್ಸ್ ಹೊಲಿಸುವವನಾಗಲಿ, ರಾಯಚೂರಿನ ಹತ್ತಿ ವ್ಯಾಪಾರಿಯಾಗಲಿ, 500 ರೂಪಾಯಿ ಸಾಲವನ್ನೇ ಅರ್ಜಿಯ ಮಿತಿಯಾಗಿಟ್ಟು ರಚಿಸಿದ ಶತಮಾನದಷ್ಟು ಹಳೆಯ ಕಾಯ್ದೆಗೇ ಮೊರೆಹೋಗಬೇಕು. ಪಾಲುದಾರನ ಹೊಣೆಗೆ ಮಿತಿಯಿಲ್ಲದ ಕಾರಣ ಗಿರಣಿ ಮುಳುಗಿದರೆ ಅವನ ಸ್ವಂತ ಆಸ್ತಿಗೂ ಕುತ್ತು ಬರುತ್ತದೆ. ಆದ್ದರಿಂದ ರಕ್ಷಣೆ ಹೆಚ್ಚು ಬೇಕಾದದ್ದು ಇವರಿಗೇ ಎಂಬುದು ನನ್ನ ದೃಢ ಅಭಿಪ್ರಾಯ.

ಆದರೆ ಇದ್ದದ್ದನ್ನು ಇದ್ದಂತೆಯೇ ಜಾರಿ ಮಾಡಿದರೆ ಸಾಲದು. ತೀರಾ ಬಡ ಸಾಲಗಾರನಿಗೆ ಋಣಮುಕ್ತಿ ಕೊಡುವ 80ನೆಯ ಕಲಮನ್ನು ಗಮನವಿಟ್ಟು ಓದಿ: ವಾರ್ಷಿಕ ಆದಾಯ 60,000, ಆಸ್ತಿ 20,000, ಮನ್ನಾಕ್ಕೆ ಅರ್ಹವಾದ ಸಾಲ 35,000 ರೂಪಾಯಿ ಮೀರಬಾರದು, ಸ್ವಂತ ಮನೆಯಂತೂ ಇರಲೇಬಾರದು. ತಿಂಗಳಿಗೆ 5,000 ರೂಪಾಯಿಗಿಂತ ಸ್ವಲ್ಪ ಹೆಚ್ಚು ದುಡಿಯುವ ಕೂಲಿಕಾರನೂ, ಆಶ್ರಯ ಯೋಜನೆಯಲ್ಲಿ ಎರಡು ಕೋಣೆಯ ಸ್ವಂತ ಮನೆ ಪಡೆದವನೂ ಇದರಿಂದ ಹೊರಗುಳಿಯುತ್ತಾರೆ. ಈ ಮಿತಿಗಳನ್ನು ಏರಿಸಿ ಬೆಲೆಯೇರಿಕೆಗೆ ಜೋಡಿಸಬೇಕು, ಮನೆಯ ಷರತ್ತನ್ನು ಕೈಬಿಡಬೇಕು.

ಕಂಪನಿಗಳ ಭಾಗದಲ್ಲೂ ಕೊರತೆಯಿದೆ. ಅರ್ಜಿ ಹಾಕಲು ಬೇಕಾದ ಬಾಕಿಯ ಕನಿಷ್ಠ ಮೊತ್ತವನ್ನು 2020ರ ಮಾರ್ಚ್‌ನಲ್ಲಿ 1 ಲಕ್ಷದಿಂದ 1 ಕೋಟಿಗೆ ಏರಿಸಲಾಯಿತು. ಕಂಪನಿಯಾಗಿ ನಡೆಯುವ ಗಿರಣಿಗೆ 4 ಲಕ್ಷದ ಭತ್ತವನ್ನು ಸಾಲಕ್ಕೆ ಕೊಟ್ಟ ರೈತ ತಾನಾಗಿ ಅರ್ಜಿ ಹಾಕಲಾರ. ಬ್ಯಾಂಕು ಹಾಕಿದರೆ ತನ್ನ ಬಾಕಿಯನ್ನು ದಾಖಲಿಸಬಹುದು, ಸಾಲ ಕೊಟ್ಟವರ ಸಮಿತಿಯಲ್ಲಿ ಮತ ಹಾಕಲಾರ. ಕಂಪನಿ ಸಮಾಪನಗೊಂಡರೆ, ಅಂದರೆ ಆಸ್ತಿ ಮಾರಿ ಮುಚ್ಚಿದರೆ, ಹಣ ಹಂಚುವ 53ನೆಯ ಕಲಮಿನ ಸಾಲಿನಲ್ಲಿ ಅವನು ಸರ್ಕಾರದ ಬಾಕಿಗಿಂತಲೂ ಹಿಂದೆ ನಿಲ್ಲುತ್ತಾನೆ.

ಇನ್ನು ದೂರದ ಮಾತು. ಮೂರನೆಯ ಭಾಗದ ಪ್ರಕರಣಗಳು ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗುತ್ತವೆ. ರಾಜ್ಯದಲ್ಲಿ ಅದು ಇರುವುದು ಬೆಂಗಳೂರಿನಲ್ಲಿ. ಹಳೆಯ ಕಾಯ್ದೆ ಜಿಲ್ಲಾ ನ್ಯಾಯಾಲಯದಲ್ಲೇ ಕೊಟ್ಟಿದ್ದ ಅವಕಾಶವನ್ನು ಹೊಸದು ಕಸಿಯಬಾರದು: ಕಲ್ಯಾಣ ಕರ್ನಾಟಕದಲ್ಲೊಂದು ಸಂಚಾರಿ ಪೀಠ, ಕನ್ನಡದಲ್ಲಿ ಅರ್ಜಿ ನಮೂನೆ, ಇವೆರಡೂ ಜಾರಿಯ ದಿನವೇ ಸಿದ್ಧವಿರಬೇಕು.